ನೆಟ್ಸ್ ಬೌಲರ್ ಮಾಸ್ತರನಾದದ್ದು

ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಎರಡು ವರ್ಷ ಯೂನಿವರ್ಸಿಟಿ ಕ್ರಿಕೆಟ್ ತಂಡದಲ್ಲಿದ್ದೆ. ಆಫ್ ಸ್ಪಿನ್ನರ್. ಊರಲ್ಲಿ ಆಡಿದ್ದೆಲ್ಲ ನಾರಿನ ಮ್ಯಾಟ್ ಮೇಲೆ. ಸ್ಪಿನ್ನರ್‌ಗೆ ಮ್ಯಾಟ್ ತವರುಮನೆ ಇದ್ದಂತೆ. ಚೆಂಡು ಹಿಡಿದು ತಿರುಗುತ್ತದೆ, ಎತ್ತರಕ್ಕೂ ಏಳುತ್ತದೆ. ದಕ್ಷಿಣ ವಲಯದ ಪಂದ್ಯಕ್ಕೆ ಹೋದರೆ ಮ್ಯಾಟ್ ಇಲ್ಲದ, ಮಣ್ಣು-ಹುಲ್ಲಿನ ಟರ್ಫ್ ಪಿಚ್! ಅದೇ ಚೆಂಡು ಸುಮ್ನೆ ಜಾರಿ ಬ್ಯಾಟಿಗೆ ಹೋಯಿತು. ಯೂನಿವರ್ಸಿಟಿಗಳ ನಡುವೆ 1935ರಿಂದ ನಡೆದುಬಂದ ರೋಹಿಂಟನ್ ಬಾರಿಯಾ ಟ್ರೋಫಿಯ ದೊಡ್ಡ ಸುತ್ತು ಕಾಣುವ ಆಸೆ ಅಲ್ಲಿಗೆ ಮುಗಿಯಿತು. ಆಡಿದ್ದು ಎರಡೇ ಪಂದ್ಯ. ಉಳಿದ ದಿನವೆಲ್ಲ ನೆಟ್ಸ್‌ನಲ್ಲಿ, ಅಂದರೆ ಬಲೆ ಕಟ್ಟಿದ ಅಭ್ಯಾಸದ ಜಾಗದಲ್ಲಿ, ನಮ್ಮವರಿಗೇ ಬೌಲಿಂಗ್.

"ಪ್ರಸನ್ನನೂ ಇಂಜಿನಿಯರಿಂಗ್ ಮುಗಸಾಕ ಆಟ ಬಿಟ್ಟಿದ್ದಪಾ, ನೀ ಬಿ.ಎಡ್. ಮಾಡು" ಎಂದರು ಅಪ್ಪ. ನಿಜವೇ. 1962ರಲ್ಲಿ ಟೆಸ್ಟ್ ಆಡಿದ ಮೇಲೆ ಭಾರತದ ಆಫ್ ಸ್ಪಿನ್ನರ್ ಇ.ಎ.ಎಸ್. ಪ್ರಸನ್ನ ಓದಿಗಾಗಿ ದೂರ ಉಳಿದಿದ್ದರು. 1967ರಲ್ಲಿ ಮರಳಿ ಬಂದು, ಒಟ್ಟು 189 ವಿಕೆಟ್ ಕಿತ್ತದ್ದನ್ನು ಅಪ್ಪ ಹೇಳಲಿಲ್ಲ. ನಾನೂ ನೆನಪಿಸಲಿಲ್ಲ.

ಹೈಸ್ಕೂಲಿನಲ್ಲಿ ಗಣಿತ ಸಿಕ್ಕಿತು. ಮೊದಲ ವರ್ಷ ಪಾಠ ಮಾಡಿದ್ದು ಮಕ್ಕಳನ್ನು ಔಟ್ ಮಾಡುವ ಹಾಗೆ. ಬಾರದವರನ್ನೇ ಹುಡುಕಿ ಎಬ್ಬಿಸುತ್ತಿದ್ದೆ. ಹಿಂದಿನ ಬೆಂಚಿನವರು ನನ್ನ ಕಣ್ಣು ತಪ್ಪಿಸತೊಡಗಿದರು. ಆಗ ನೆಟ್ಸ್ ನೆನಪಾಯಿತು. ಕ್ಯಾಪ್ಟನ್‌ಗೆ ಡ್ರೈವ್ ಹೊಡೆತ ಕುದುರದಿದ್ದರೆ ನಾನು ಅದೇ ಜಾಗಕ್ಕೆ ಇಪ್ಪತ್ತು ಸಲ ಚೆಂಡು ಹಾಕಿದವನು. ಅಲ್ಲಿ ವಿಕೆಟ್ ಯಾರಿಗೆ ಬೇಕಿತ್ತು? ಭಿನ್ನರಾಶಿ ಬಾರದವರಿಗೆ ಒಂದೇ ನಮೂನೆಯ ಲೆಕ್ಕ, ಅಂಕಿ ಮಾತ್ರ ಬೇರೆ, ದಿನಕ್ಕೆ ಐದರಂತೆ ಕೊಡಲು ಶುರು ಮಾಡಿದೆ. ಬೇಜಾರಿನ ಕೆಲಸ, ಆದರೆ ಕೈ ಕೂತಿತು.

ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರ ಬಂದಾಗ ಮಾತ್ರ ನನಗೆ ಹಬ್ಬ. ಬೋರ್ಡಿನ ಮೇಲೆ ಒಬ್ಬನ ಐದು ಇನ್ನಿಂಗ್ಸ್ ಬರೆದೆ: 0, 4, 4, 7, 85. ಸರಾಸರಿ 20. ಮಧ್ಯಾಂಕ, ಅಂದರೆ ಸಾಲಿನ ನಡುವಿನ ಅಂಕಿ, 4. ಬಹುಲಕ, ಅಂದರೆ ಹೆಚ್ಚು ಸಲ ಬಂದ ಅಂಕಿ, ಅದೂ 4. "ಇವನನ್ನ ಟೀಮಿಗೆ ತಗೋತೀರಾ?" ಎಂದೆ. ಅರ್ಧ ತಾಸು ಜಗಳ ನಡೆಯಿತು. ಒಮ್ಮೆಯೂ ಬಾಯಿ ಬಿಡದ ಹುಡುಗ ಎದ್ದು, "ಆ 85 ಯಾರ ಮೇಲೆ ಹೊಡೆದಾನ್ರಿ ಸರ್?" ಎಂದ. ಪಠ್ಯದಲ್ಲಿ ಇಲ್ಲದ ಪ್ರಶ್ನೆ, ಆದರೆ ಸರಿಯಾದ ಪ್ರಶ್ನೆ.

"ನಿಮ್ಮ ಸರಾಸರಿ ಎಷ್ಟ್ರಿ ಸರ್?" ಎಂದಳು ಮುಂದಿನ ಬೆಂಚಿನ ಹುಡುಗಿ. ಒಮ್ಮೆ 3ಕ್ಕೆ ಔಟ್, ಒಮ್ಮೆ 1 ನಾಟೌಟ್. ಕ್ರಿಕೆಟ್‌ನಲ್ಲಿ ರನ್ ಭಾಗಿಸುವುದು ಔಟಾದ ಸಲಗಳಿಂದ. ನಾನು ಔಟಾದದ್ದು ಒಂದೇ ಸಲ, ಹಾಗಾಗಿ ಸರಾಸರಿ 4 ಎಂದೆ.

"ಎರಡು ಇನ್ನಿಂಗ್ಸ್‌ಗೆ 4 ರನ್ ಅಂದ್ರ 2 ಅಲ್ಲೇನ್ರಿ?"

"ಪರೀಕ್ಷೆಯೊಳಗ 2 ಅಂತನ ಬರಿಯವಾ" ಎಂದೆ. "ನನ್ನ 4 ಮಾತ್ರ ಹಂಗ ಇರಲಿ ಬಿಡು."