ಕಾರ್ಡಿಗಿಂತ ಮೊದಲು ಕವರು: ಮನೆಯಲ್ಲೇ ಮಾಡುವ ನಾತಾಳದ ಕಾರ್ಡು

ಮನೆಮಂದಿಯ ಫೋಟೋ ಹಾಕಿ ನಾತಾಳದ, ಅಂದರೆ ಕ್ರಿಸ್‌ಮಸ್ಸಿನ ಕಾರ್ಡು ಮಾಡಲು ಕೂತವರು ಸಾಮಾನ್ಯವಾಗಿ ಚಿತ್ರದಿಂದ ಶುರು ಮಾಡುತ್ತಾರೆ. ನಾವು ಶುರು ಮಾಡುವುದು ಕವರಿನಿಂದ. ಕಾರವಾರದ ಪೇಟೆಯಲ್ಲಿ ಈ ವರ್ಷ ಯಾವ ಅಳತೆಯ ಕವರು ಸಿಗುತ್ತದೆ ಅಂತ ಮೊದಲು ನೋಡುವುದು, ಅದಕ್ಕೆ ಹೊಂದುವ ಕಾರ್ಡು, ಕಾರ್ಡಿಗೆ ಹೊಂದುವ ಫೋಟೋ, ಎಲ್ಲ ಸೇರಿ 20 ಗ್ರಾಂ ಒಳಗೆ. ಈ ಕ್ರಮ ತಿರುವುಮುರುವಾದರೆ ಮೇಜಿನ ಮೇಲೆ ನಲವತ್ತು ಚೆಂದದ ಕಾರ್ಡು ಕೂತಿರುತ್ತವೆ, ಹಾಕಲು ಕವರು ಇರುವುದಿಲ್ಲ.

ನಮಗೆ ಒಗ್ಗಿದ ಅಳತೆ ಇದು. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿದರೆ 210 × 148 ಮಿಲಿಮೀಟರಿನ ಎರಡು ತುಂಡು. ಒಂದೊಂದನ್ನೂ ನಡುವೆ ಮಡಚಿದರೆ 105 × 148ರ ಕಾರ್ಡು. ಇದಕ್ಕೆ 114 × 162ರ ಕವರು ಬೇಕು. ಅಂಗಡಿಯಲ್ಲಿ ಈ ಅಳತೆಯ ಹೆಸರು ಹಿಡಿದು ‘ಸಿ6’ ಅಂದರೆ ಮುಖ ನೋಡುತ್ತಾರೆ, ಹಾಗಾಗಿ ಸ್ಕೇಲು ಮತ್ತು ಮಡಚಿದ ಒಂದು ಖಾಲಿ ಕಾರ್ಡು ಚೀಲದಲ್ಲಿರಲಿ. ಕಾರ್ಡು ಒಳಗೆ ಹೋಗಿ, ಸುತ್ತ ಒಂದು ಬೆಂಕಿಕಡ್ಡಿಯಷ್ಟು ಸಡಿಲ ಉಳಿದರೆ ಸಾಕು. ಬಹಳ ಸಡಿಲವಾದ ಕವರಿನಲ್ಲಿ ಕಾರ್ಡು ಓಡಾಡಿ ಮೂಲೆ ಜಜ್ಜಿಕೊಳ್ಳುತ್ತದೆ.

ಸರಿಯಾದ ಕವರು ಸಿಗದಿದ್ದರೆ ಮಾಡಿಕೊಳ್ಳಬಹುದು. 100 ಜಿಎಸ್‌ಎಂ (ಒಂದು ಚದರ ಮೀಟರಿಗೆ 100 ಗ್ರಾಂ ತೂಗುವ) ಮ್ಯಾಪ್ಲಿತೊ, ಅಂದರೆ ನುಣುಪಾದ ಬಿಳಿ ಬರವಣಿಗೆ ಕಾಗದದ ಎ4 ಹಾಳೆಯ ಉದ್ದದಲ್ಲಿ 87 ಮಿಲಿಮೀಟರ್ ಕತ್ತರಿಸಿ ತೆಗೆದರೆ 210ರ ಚೌಕ ಉಳಿಯುತ್ತದೆ. ಚೌಕವನ್ನು ಗಾಳಿಪಟದ ಹಾಗೆ ಮೂಲೆ ಮೇಲೆ ಮಾಡಿ ಇಟ್ಟು ನಡುವೆ ಕಾರ್ಡು ಇಡಿ. ಸುತ್ತ ಎರಡು ಮಿಲಿಮೀಟರ್ ಬಿಟ್ಟು ಮೊದಲು ಎಡ-ಬಲದ ಮೂಲೆ ಮಡಚಿ, ಆಮೇಲೆ ಕೆಳಗಿನದನ್ನು ಮೇಲೆ ತಂದು ಅಂಟಿಸಿ. ಎಡ-ಬಲದ ತುದಿಗಳು ಒಂದಕ್ಕೊಂದು ಮುಟ್ಟುವುದಿಲ್ಲ, ತಲೆಕೆಡಿಸಿಕೊಳ್ಳಬೇಡಿ, ಕೆಳಗಿನ ಮಡಿಕೆ ಎರಡನ್ನೂ ಹಿಡಿದುಕೊಳ್ಳುತ್ತದೆ. ನಾಲ್ಕು ಮೂಲೆಗಳಲ್ಲಿ ಹೊರಗೆ ಚಾಚುವ ಸಣ್ಣ ತ್ರಿಕೋನಗಳನ್ನು ಮಾತ್ರ ಅಂಟಿಸುವ ಮೊದಲೇ ಕತ್ತರಿಸಬೇಕು.

ಈಗ ತೂಕ. ಸಾದಾ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ ಸ್ಟ್ಯಾಂಪು, ಆಮೇಲೆ ಪ್ರತಿ 20 ಗ್ರಾಂಗೆ ಇನ್ನೈದು. 210 ಜಿಎಸ್‌ಎಂ ಐವರಿ ಶೀಟಿನ (ದಪ್ಪನೆಯ ನುಣುಪು ಬಿಳಿ ಹಾಳೆಯ) ಕಾರ್ಡು ಆರೂವರೆ ಗ್ರಾಂ, ಕವರು ನಾಲ್ಕೂವರೆ, ಫೋಟೋ ನಾಲ್ಕು, ಒಳಗೊಂದು ಅರ್ಧ ಹಾಳೆ ಕಾಗದ ಎರಡು ಚಿಲ್ಲರೆ: ಒಟ್ಟು ಹದಿನೇಳು ಗ್ರಾಂ ಹತ್ತಿರ. ಇದೇ ಕಾರ್ಡನ್ನು ‘ದಪ್ಪ ಇದ್ದರೆ ಚೆಂದ’ ಅಂತ 300 ಜಿಎಸ್‌ಎಂನಲ್ಲಿ ಮಾಡಿದರೆ ಕಾರ್ಡೇ ಒಂಬತ್ತೂವರೆ ಗ್ರಾಂ, ಒಟ್ಟು ಇಪ್ಪತ್ತು ದಾಟುತ್ತದೆ. ನಲವತ್ತು ಕಾರ್ಡಿಗೆ ಇನ್ನೂರು ರೂಪಾಯಿ ಹೆಚ್ಚು. ಗೊತ್ತಿಲ್ಲದೆ ಐದೇ ರೂಪಾಯಿಯ ಸ್ಟ್ಯಾಂಪು ಹಚ್ಚಿ ಡಬ್ಬಿಗೆ ಹಾಕಿದರೆ ಕಡಿಮೆ ಬಿದ್ದದ್ದನ್ನು ಪಡೆಯುವವರ ಬಾಗಿಲಲ್ಲಿ ವಸೂಲಿ ಮಾಡುತ್ತಾರೆ. ಶುಭಾಶಯಕ್ಕೆ ದಂಡ ಕಟ್ಟಿಸಿದಂತೆ. ಅದಕ್ಕೆ ಒಂದು ಕಾರ್ಡನ್ನು ಪೂರ್ತಿ ತಯಾರು ಮಾಡಿ, ಅಂಚೆ ಕಚೇರಿಯ ಕೌಂಟರಿನಲ್ಲಿ ತೂಗಿಸಿ ನೋಡಿದ ಮೇಲೆಯೇ ಉಳಿದವಕ್ಕೆ ಕೈ ಹಾಕುವುದು.

ಐವರಿ ಶೀಟು ತರುವಾಗ ಕಟ್ಟಿನ ನಡುವಿನಿಂದ ಕೇಳಿ. ಮಳೆಗಾಲ ಪೂರ್ತಿ ಅಂಗಡಿಯಲ್ಲೇ ಕೂತ ಮೇಲಿನ ಹಾಳೆಗಳು ತೇವ ಕುಡಿದು ಅಲೆಅಲೆಯಾಗಿರುತ್ತವೆ. ನೋಡಲು ಬಿಳಿಯೇ, ಆದರೆ ಮಡಚಿದಾಗ ಬಾಯಿ ಸೊಟ್ಟ. ತಂದ ಹಾಳೆಯನ್ನು ಎರಡು ದಿನ ಭಾರದ ಪುಸ್ತಕದಡಿ ಒಣ ಕೋಣೆಯಲ್ಲಿ ಇಡುತ್ತೇವೆ.

ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕು ಉಂಟು. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ಕಡೆ ಮಡಿಕೆ ನಾರಿನ ಗುಂಟ ಇರುತ್ತದೆ. ಎ4 ಹಾಳೆಯಲ್ಲಿ ನಾರು ಹೆಚ್ಚಾಗಿ ಉದ್ದಕ್ಕೆ. ಅಂಥ ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ 105ರಲ್ಲಿ ಮಡಚಿದರೆ ಮಡಿಕೆ ನಾರಿನ ಗುಂಟವೇ ಬೀಳುತ್ತದೆ, ಅಂಚು ಚೊಕ್ಕ. ಅದೇ ತುಂಡನ್ನು ಉದ್ದನೆಯ ಪಟ್ಟಿಯಂತೆ ಮಡಚಿದರೆ ನಾರು ಮುರಿದು ಅಂಚಿನಲ್ಲಿ ಬಿಳಿ ಬಿರುಕು ಏಳುತ್ತದೆ, ಬಣ್ಣ ಹಚ್ಚಿದ್ದರೆ ಇನ್ನೂ ಎದ್ದು ಕಾಣುತ್ತದೆ.

ಮಡಚುವ ಮೊದಲು ಗೀರಬೇಕು. ಶಾಯಿ ಮುಗಿದ ಬಾಲ್ ಪೆನ್ನು ಸಾಕು. ಕಾರ್ಡಿನ ಹೊರಮುಖ ಮೇಲೆ ಮಾಡಿ, ಅಡಿಗೆ ನಾಲ್ಕು ಪದರ ಪತ್ರಿಕೆ ಹಾಸಿ, ಸ್ಟೀಲ್ ಸ್ಕೇಲಿನ ಗುಂಟ ಎರಡು ಸಲ ಒತ್ತಿ ಎಳೆಯಿರಿ. ಗೀರು ಹೊರಗೆ ಬರಬೇಕು, ಅದರ ಹಿಂದೆ ಎದ್ದ ಉಬ್ಬು ಮಡಿಕೆಯ ಒಳಗೆ ಹೋಗಬೇಕು. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಗೀರಿನ ಒಳಕ್ಕೇ ಮಡಚುವುದು ಸಹಜ ಅನಿಸುತ್ತದೆ, ಆದರೆ ಹಾಗೆ ಮಾಡಿದಾಗ ಹೊರಮೈ ಜಗ್ಗಿ ಸೀಳುತ್ತದೆ.

ಮುಂದಿನ ಮುಖಕ್ಕೆ ನಾವು ಅಚ್ಚು ಒತ್ತುವುದು ಬೆಂಡೆಕಾಯಿಯಿಂದ. ಬಲಿತ, ಐದು ಏಣಿನ ಬೆಂಡೆಯನ್ನು ತೊಟ್ಟಿನಿಂದ ಎರಡು ಬೆರಳು ಕೆಳಗೆ ಒಂದೇ ಏಟಿಗೆ ನೇರ ಕತ್ತರಿಸಿದರೆ ಐದು ಮೂಲೆಯ ನಕ್ಷತ್ರ. ಮನೆಯೆದುರು ತೂಗುಹಾಕುವ ನಕ್ಷತ್ರದ ಗೂಡಿನದೇ ಆಕಾರ. ಎಳೆಯದು ಬೇಡ, ಒತ್ತಿದ ಕೂಡಲೇ ಕುಸಿಯುತ್ತದೆ. ಕೆಡುವುದು ಲೋಳೆಯಿಂದ. ಕತ್ತರಿಸಿದ ಕೂಡಲೇ ಒತ್ತಿದರೆ ಲೋಳೆ ಬಣ್ಣದಲ್ಲಿ ಬೆರೆತು ನಕ್ಷತ್ರದ ಸುತ್ತ ನೀರಿನ ಬಳೆ ಮೂಡುತ್ತದೆ, ಒಳಗಿನ ಬೀಜದ ಮನೆಗಳು ಕಾಣುವುದೇ ಇಲ್ಲ. ಕತ್ತರಿಸಿದ ಮುಖವನ್ನು ಹಳೆ ಹತ್ತಿ ಬಟ್ಟೆಗೆ ಎರಡು-ಮೂರು ಸಲ ಒತ್ತಿ, ಇಪ್ಪತ್ತು ನಿಮಿಷ ಗಾಳಿಗೆ ಬಿಟ್ಟು, ಮತ್ತೊಮ್ಮೆ ಒರೆಸಿ. ಬಣ್ಣ ಇಡ್ಲಿ ಹಿಟ್ಟಿನ ಹದಕ್ಕಿರಲಿ, ನೀರು ಸೇರಿಸಬೇಡಿ. ತಟ್ಟೆಯಲ್ಲಿ ಪಾತ್ರೆ ಉಜ್ಜುವ ಸ್ಪಂಜಿನ ಹೊಸ ತುಂಡು ಇಟ್ಟು ಅದರ ಮೇಲೆ ಬಣ್ಣ ಸವರಿ, ಬೆಂಡೆಯನ್ನು ಸ್ಪಂಜಿಗೆ ಮುಟ್ಟಿಸಿ, ಮೊದಲ ಗುರುತು ರದ್ದಿ ಕಾಗದಕ್ಕೆ, ಎರಡನೆಯದು ಕಾರ್ಡಿಗೆ. ಒತ್ತುವಾಗ ತಿರುಚಬಾರದು, ನೇರ ಇಳಿಸಿ ನೇರ ಎತ್ತುವುದು. ಒಂದು ಬೆಂಡೆಗೆ ಇಪ್ಪತ್ತರಷ್ಟು ಒಳ್ಳೆ ಗುರುತು ಬರುತ್ತವೆ, ಮೂಲೆ ಮೊಂಡಾಯಿತು ಅನಿಸಿದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ತೆಗೆದು ಮತ್ತೆ ಒಣಗಿಸಿ.

ಪೋಸ್ಟರ್ ಕಲರ್ ಒಣಗಿದ ಮೇಲೂ ಒದ್ದೆ ಬೆರಳಿಗೆ ಬಿಡುತ್ತದೆ. ಅಕ್ರಿಲಿಕ್ ಬಿಡುವುದಿಲ್ಲ, ಆದರೆ ಕರಾವಳಿಯ ತೇವದಲ್ಲಿ ಎರಡು ಅಕ್ರಿಲಿಕ್ ಮುಖಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿ, ಬಿಡಿಸುವಾಗ ನಕ್ಷತ್ರ ಕಿತ್ತು ಬರುತ್ತದೆ. ನಾವು ಅಕ್ರಿಲಿಕ್ ಬಳಸಿ ನಡುವೆ ಬಟರ್ ಪೇಪರ್ ಹಾಕುತ್ತೇವೆ. ಕುಸ್ವಾರಿನ (ನಾತಾಳದ ತಿಂಡಿ ಮಾಡುವ) ದಿನ ಕಾರ್ಡಿನ ಕೆಲಸ ಇಟ್ಟುಕೊಳ್ಳಬೇಡಿ. ನೆವ್ರಿ (ಕರ್ಜಿಕಾಯಿ) ಕರಿದ ಕೈಯ ಎಣ್ಣೆ ಐವರಿಗೆ ಬಿದ್ದರೆ ಆ ಕಲೆ ಎಂಥ ಬಿಸಿಲಿಗೂ ಹೋಗುವುದಿಲ್ಲ.

ಫೋಟೋ ವಿಷಯಕ್ಕೆ ಬಂದರೆ, ಕಾರವಾರದಲ್ಲಿ ಎಲ್ಲರೂ ಟ್ಯಾಗೋರ್ ಕಡಲತೀರಕ್ಕೆ ಸಂಜೆ ಹೋಗುತ್ತಾರೆ. ಸೂರ್ಯ ಮುಳುಗುವುದು ಸಮುದ್ರದ ಕಡೆ, ಸಮುದ್ರ ಹಿನ್ನೆಲೆಯಾಗಿ ನಿಂತರೆ ಆಕಾಶ ಬಂಗಾರ, ಮುಖಗಳು ಇದ್ದಿಲು. ಬೆಳಿಗ್ಗೆ ಹೋಗಿ. ಪೂರ್ವದ ಗುಡ್ಡ ದಾಟಿ ಬಿಸಿಲು ಮರಳಿಗೆ ಇಳಿದ ಹೊತ್ತಿನಿಂದ ಸುಮಾರು ಒಂದು ತಾಸು ಬೆಳಕು ಮುಖದ ಮೇಲೆ ಓರೆಯಾಗಿ ಬೀಳುತ್ತದೆ, ಹಿಂದೆ ಕಡಲು ನೀಲಿ. ಆಮೇಲೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಉಪ್ಪುಗಾಳಿಗೆ ಫೋನಿನ ಲೆನ್ಸು ಮಂಜಾಗುತ್ತದೆ, ಪ್ರತಿ ಐದು ನಿಮಿಷಕ್ಕೆ ಒಣ ಬಟ್ಟೆಯಿಂದ ಒರೆಸಿ. ಕಡಲಿನ ಗೆರೆ ಕುತ್ತಿಗೆಯ ಮಟ್ಟದಲ್ಲಿ ಹಾಯಬಾರದು, ಭುಜದ ಕೆಳಗಿರಲಿ. ಬಿಣಗಾ, ಅರ್ಗಾ ಕಡೆ ತೆಗೆಯುವುದಾದರೆ ನೌಕಾನೆಲೆಯತ್ತ ಕ್ಯಾಮೆರಾ ತಿರುಗಿಸುವುದೇ ಬೇಡ.

ಇಲ್ಲೊಂದು ಅಳತೆಯ ಬಲೆ ಇದೆ. ಸ್ಟುಡಿಯೋದ 4 × 6 ಇಂಚಿನ ಪ್ರಿಂಟು ಅಂದರೆ 152 ಮಿಲಿಮೀಟರ್ ಉದ್ದ, ಕಾರ್ಡು 148. ನಾಲ್ಕು ಮಿಲಿಮೀಟರ್ ಹೊರಗೆ! ಸುತ್ತ ಐದು ಮಿಲಿಮೀಟರ್ ಅಂಚು ಬಿಡಬೇಕಾದರೆ ಪ್ರಿಂಟನ್ನು 138 × 95ಕ್ಕೆ ಇಳಿಸಬೇಕು. ಅದಕ್ಕೂ ಮೊದಲೇ, ಫೋನಿನ 4:3 ಚಿತ್ರ 4 × 6ಕ್ಕೆ ಹೋಗುವಾಗ ಎತ್ತರದ ಒಂಬತ್ತನೇ ಒಂದು ಪಾಲು ಹಾರಿಹೋಗುತ್ತದೆ. ಹಾಗಾಗಿ ತೆಗೆಯುವಾಗಲೇ ತಲೆಯ ಮೇಲೆ, ಕಾಲಿನ ಕೆಳಗೆ, ಎರಡೂ ಬದಿಗೆ ಧಾರಾಳ ಜಾಗ ಬಿಡಿ. ತುದಿಯಲ್ಲಿ ನಿಂತ ಭಾವನ ಅರ್ಧ ಭುಜ ಕಟ್ಟಾದರೆ ಮುಂದಿನ ನಾತಾಳದವರೆಗೂ ಮಾತು ಕೇಳಬೇಕು. 4 × 6ಕ್ಕೆ 1200 × 1800 ಪಿಕ್ಸೆಲ್ ಇದ್ದರೆ ಚೆನ್ನ. ವಾಟ್ಸ್ಆ್ಯಪ್‌ನಲ್ಲಿ ಸ್ಟುಡಿಯೋಗೆ ಕಳಿಸುವವರು ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಮ್ಯಾಟ್ ಪ್ರಿಂಟು ಕೇಳಿ. ಗ್ಲಾಸಿ ಪ್ರಿಂಟುಗಳು ನಮ್ಮ ಹವೆಯಲ್ಲಿ ಒಂದಕ್ಕೊಂದು ಅಂಟುತ್ತವೆ.

ಅಂಟಿಸಲು ಬಿಳಿ ಅಂಟು ಬೇಡ, ಅದರಲ್ಲಿನ ನೀರಿಗೆ ಐವರಿ ಸುಕ್ಕಾಗುತ್ತದೆ. ಎರಡು ಬದಿ ಅಂಟುವ ಟೇಪು ನಾಲ್ಕು ಅಂಚಿಗೆ, ನಡುವೆ ಒಂದು ತುಂಡು. ನಡುವಿನದು ಬಿಟ್ಟರೆ ಫೋಟೋ ಹೊಟ್ಟೆ ಉಬ್ಬಿಸುತ್ತದೆ.

1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯಿಂದ ಬರೆಸಿದ, ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡಿನ ನಡುವೆ ಇದ್ದದ್ದೂ ಮನೆಮಂದಿಯ ಚಿತ್ರವೇ. ಮಗುವಿನ ಬಾಯಿಗೆ ದ್ರಾಕ್ಷಾರಸದ ಲೋಟ ಹಿಡಿದಂತೆ ಬರೆದಿದ್ದಕ್ಕೆ ಪಾನವಿರೋಧಿಗಳು ತಕರಾರು ತೆಗೆದಿದ್ದರು. ಅದರಲ್ಲಿ ಯಾರಿಗೆ, ಯಾರಿಂದ ಎಂಬ ಜಾಗ ಖಾಲಿ ಬಿಟ್ಟಿತ್ತು, ಹೆಸರು ಕೈಯಿಂದ ತುಂಬುವುದು. ನಾವೂ ಅಷ್ಟನ್ನು ಉಳಿಸಿಕೊಂಡಿದ್ದೇವೆ: ಮುಂದಿನ ಮುಖದಲ್ಲಿ ಒಂದಕ್ಷರವೂ ಇಲ್ಲ, ಬರವಣಿಗೆ ಪೂರ್ತಿ ಒಳಗೆ, ಕೈಯಿಂದ.

ಅದಕ್ಕೆ ಇಲ್ಲಿನದೇ ಕಾರಣವೂ ಇದೆ. ಉತ್ತರ ಕನ್ನಡ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಮರಾಠಿ ಶಾಲೆಯಲ್ಲಿ ಕಲಿತ ಹಿರಿಯರಿಗೆ ಕೊಂಕಣಿಯನ್ನು ದೇವನಾಗರಿಯಲ್ಲಿ ಓದಿದರೇ ಸಲೀಸು. ಗೋವೆಯ ನೆಂಟರಿಗೆ ರೋಮನ್ ಲಿಪಿ, ಹೊನ್ನಾವರ, ಶಿರಸಿಯವರಿಗೆ ಕನ್ನಡ. ‘ಖುಶಾಲ್‌ಭರಿತ್ ನಾತಾಳ್’ ಎಂಬ ಎರಡೇ ಮಾತನ್ನು ಮೂರು ಲಿಪಿಯಲ್ಲಿ ಬರೆಯಬೇಕಾಗುತ್ತದೆ. ಮುದ್ರಿಸಲೇಬೇಕು ಅನ್ನುವವರು ಒಂದು ಕಡೆ ಎಚ್ಚರ ಇಡಿ: ಫೋನಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಕನ್ನಡವನ್ನು ಡಿಟಿಪಿ ಅಂಗಡಿಯ ಹಳೆಯ ಸಾಫ್ಟ್‌ವೇರಿಗೆ ಅಂಟಿಸಿದರೆ ಒತ್ತಕ್ಷರ ಕಳಚಿ ಬೀಳುತ್ತವೆ, ‘ಕ್ರಿಸ್‌ಮಸ್’ ಪದದ ನಡುವೆ ಒಂದು ಚೌಕ ಬಂದು ಕೂರುತ್ತದೆ. ಫಾಂಟು ಸೇರಿಸಿದ ಪಿಡಿಎಫ್ ಒಯ್ದು ಕೊಡಿ, ಒಂದು ಪ್ರತಿ ಕೈಗೆ ಬಂದು ಓದಿದ ಮೇಲೆ ಉಳಿದದ್ದಕ್ಕೆ ಹೂಂ ಅನ್ನಿ.

ವಿಳಾಸದ ನೋಟುಬುಕ್ಕಿನಲ್ಲಿ ಹೆಸರಿನ ಮುಂದೆ ಎರಡು ಕಾಲಂ: ಕಳಿಸಿದ್ದು, ಬಂದದ್ದು. ಮೂರನೆಯದೊಂದು ಟಿಪ್ಪಣಿಗೆ. ಆ ವರ್ಷ ಸಾವಾದ ಮನೆಗೆ ನಕ್ಷತ್ರ, ಫೋಟೋ, ‘ಖುಶಾಲ್’ ಯಾವುದೂ ಹೋಗಬಾರದು. ಖಾಲಿ ಐವರಿಯಲ್ಲಿ ಎರಡು ಸಾಲು ಬರೆದು, ಕೊನೆಗೆ ‘ದೇವ್ ಬರೆಂ ಕರುಂ’ (ದೇವರು ಒಳ್ಳೆಯದು ಮಾಡಲಿ) ಅಂದರೆ ಸಾಕು. ಇಂಥವು ನಾಲ್ಕೈದು ಖಾಲಿ ಕಾರ್ಡು ಪ್ರತಿ ವರ್ಷ ತೆಗೆದಿಡುತ್ತೇವೆ. ನಮ್ಮ ಮನೆಯಲ್ಲೇ ಸಾವಾದ ವರ್ಷ ಕಾರ್ಡಿಲ್ಲ, ಬಂದವಕ್ಕೆ ಜನವರಿಯಲ್ಲಿ ಪತ್ರ ಬರೆದು ಉತ್ತರ.

ವಿಳಾಸ ಬಾಲ್ ಪೆನ್ನಿನಲ್ಲಿ. ಜೆಲ್ ಪೆನ್ನು ಒಳಗೆ ಸರಿ, ಹೊರಗೆ ಒಂದು ಹನಿ ನೀರು ಬಿದ್ದರೆ ಊರೇ ಕರಗುತ್ತದೆ. ಪಿನ್‌ಕೋಡ್ ಬಿಡಿಬಿಡಿ ಅಂಕಿಯಲ್ಲಿ: ಕಾರವಾರ 581301, ಶಿರಸಿ 581401, ಹೊನ್ನಾವರ 581334. ಕೊಲ್ಲಿ ದೇಶಗಳಲ್ಲಿ ಪತ್ರ ಮನೆಬಾಗಿಲಿಗೆ ಬರುವುದು ಕಡಿಮೆ, ಕಂಪನಿಯ ಪಿ.ಒ. ಬಾಕ್ಸ್ ಸಂಖ್ಯೆಯನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಕಡುಗೆಂಪು, ಕಡುಹಸಿರು ಕವರಿನ ಮೇಲೆ ಠಸ್ಸೆಯೂ ಕಾಣದು, ವಿಳಾಸವೂ ಕಾಣದು. ಅಂಥದೇ ಬೇಕೆಂದರೆ ಬಿಳಿ ಚೀಟಿ ಅಂಟಿಸಿ. ಮಣಿ, ಗುಂಡಿ, ದಪ್ಪ ರಿಬ್ಬನ್ನಿನ ಅಲಂಕಾರ ಮಾಡುವವರಿಗೆ ಒಂದು ಮಾತು: ಕವರಿನ ಬಲ ಮೇಲ್ಮೂಲೆಗೆ ಠಸ್ಸೆ ಬೀಳುತ್ತದೆ, ಅದೂ ಮೆಲ್ಲಗೆ ಅಲ್ಲ.

ನಮ್ಮ ತೇವಕ್ಕೆ ಗೋಂದು ಹಚ್ಚಿದ ಕವರಿನ ಬಾಯಿ ಡಬ್ಬಿಯಲ್ಲೇ ತಾನಾಗಿ ಮುಚ್ಚಿಕೊಳ್ಳುತ್ತದೆ, ಸ್ಟ್ಯಾಂಪುಗಳು ಜೋಡಿಜೋಡಿಯಾಗಿ ಅಂಟುತ್ತವೆ. ಎರಡಕ್ಕೂ ಬಟರ್ ಪೇಪರ್ ಪಟ್ಟಿಯೇ ಮದ್ದು. ಅಂಚೆ ಕಚೇರಿಯ ಕೌಂಟರಿನಲ್ಲಿ ಇಟ್ಟ ಗೋಂದು ನೀರಾಗಿದ್ದರೆ ಕವರಿನೊಳಗೆ ಇಳಿದು ಕಾರ್ಡಿಗೆ ಹತ್ತುತ್ತದೆ, ಮನೆಯಲ್ಲೇ ಒದ್ದೆ ಹತ್ತಿಯಿಂದ ಹಚ್ಚಿ ಹೋಗುವುದು ವಾಸಿ. ನಿಮ್ಮದೇ ಫೋಟೋ ಇರುವ ‘ಮೈ ಸ್ಟ್ಯಾಂಪ್’ ಹಾಳೆ 300 ರೂಪಾಯಿಗೆ ಹನ್ನೆರಡು. ಅವು ತಲಾ ಐದು ರೂಪಾಯಿಯ ಸ್ಟ್ಯಾಂಪೇ ಆದ್ದರಿಂದ ಎಲ್ಲರಿಗೂ ಹಚ್ಚುವುದು ದುಬಾರಿ, ಅಜ್ಜ-ಅಜ್ಜಿಯರ ಕವರಿಗೆ ಮಾತ್ರ ಸಾಕು ಅಂತ ನಮ್ಮ ಲೆಕ್ಕ.

ವಿದೇಶದವು ನವೆಂಬರ್ ನಡುವಿಗೆ ಡಬ್ಬಿಗೆ ಬಿದ್ದಿರಬೇಕು, ಅವುಗಳ ದರ ಕೌಂಟರಿನಲ್ಲೇ ತೂಗಿಸಿ ಕೇಳಿ. ದೇಶದೊಳಗಿನವಕ್ಕೆ ಡಿಸೆಂಬರ್ 3, ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ, ನಮ್ಮ ಗಡುವು. ತಪ್ಪಿದವನ್ನು 6ನೇ ಜನವರಿಯ ಮೂರು ರಾಯರ ಹಬ್ಬದವರೆಗೆ ನಿಸ್ಸಂಕೋಚವಾಗಿ ಕಳಿಸಬಹುದು, ಹೊಸ ವರ್ಷದ ಶುಭಾಶಯ ಒಂದು ಸಾಲು ಸೇರಿಸಿ. ವಿಳಾಸ ಸಿಗದೆ ಮರಳಿ ಬಂದ ಕವರನ್ನು ಒಡೆಯಬೇಡಿ. ಹಾಗೇ ನೋಟುಬುಕ್ಕಿನ ಆ ಹೆಸರಿನ ಪುಟದಲ್ಲಿ ಇಟ್ಟರೆ ಮುಂದಿನ ನವೆಂಬರಿನಲ್ಲಿ ಯಾರಿಗೆ ಫೋನು ಮಾಡಿ ಹೊಸ ಮನೆ ಎಲ್ಲಿ ಅಂತ ಕೇಳಬೇಕು ಎಂಬುದು ಪುಸ್ತಕ ತೆರೆದ ಕೂಡಲೇ ಕೈಗೆ ಬರುತ್ತದೆ.