ರೆವಿಟ್‌ನಲ್ಲಿ ಹಾಲ್, ಡೈನಿಂಗ್ ಬೇರೆ ಮಾಡಲು ಗೋಡೆ ಬೇಡ
ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ರೆವಿಟ್ ಹಾಲ್, ಡೈನಿಂಗ್ ಎರಡೂ ಸೇರಿ ಒಂದೇ ರೂಮ್ ಎಂದು ತೋರಿಸುತ್ತಿದ್ದರೆ ಮಧ್ಯೆ ಸುಮ್ನೆ ತೆಳು ಗೋಡೆ ಹಾಕಬೇಡಿ. ಆರ್ಕಿಟೆಕ್ಚರ್ ಟ್ಯಾಬ್‌ನ ರೂಮ್ ಸೆಪರೇಟರ್ ತಗೊಂಡು ಈ ಗೋಡೆಯಿಂದ ಆ ಗೋಡೆಗೆ ಗೆರೆ ಎಳೆಯಿರಿ, ಆಚೆ ಬದಿಗೆ ಹೊಸ ರೂಮ್ ಇಡಿ. ರೂಮಿಗೆ ತನ್ನದೇ ಆಕಾರ ಇರುವುದಿಲ್ಲ. ಗೋಡೆ, ಗೆರೆಗಳು ಎಲ್ಲಿ ಮುಚ್ಚಿಕೊಳ್ಳುತ್ತವೋ ಅಲ್ಲಿಯವರೆಗೆ ಅದು ಹರಡುತ್ತದೆ. ತೆಳು ಗೋಡೆಯಾದರೆ ವಾಲ್ ಶೆಡ್ಯೂಲ್‌ಗೂ (ಗೋಡೆಗಳ ಪಟ್ಟಿಗೂ) ಸೇರಿ ಲೆಕ್ಕ ಕೆಡುತ್ತದೆ, ಅಲ್ವಾ? ಆದರೆ ಗೆರೆಯನ್ನು ಗೋಡೆಯ ಮೇಲೇ ಎಳೆದರೆ ಓವರ್‌ಲ್ಯಾಪ್ ವಾರ್ನಿಂಗ್ ಬರುತ್ತದೆ. ಆಮೇಲೆ ಗೋಡೆ ಸರಿಸಿದಾಗ ಗೆರೆಯ ತುದಿ ಬಿಟ್ಟುಕೊಂಡರೆ ಎರಡೂ ಜಾಗ ಮತ್ತೆ ಒಂದಾಗಿ, ಒಂದು ರೂಮ್ ರಿಡಂಡಂಟ್ (ಒಂದೇ ಜಾಗದಲ್ಲಿ ಹೆಚ್ಚುವರಿ) ಆಗುತ್ತದೆ. ಗೋಡೆಗಳು ಲಿಂಕ್ ಫೈಲಿನಲ್ಲಿದ್ದರೆ (ನಿಮ್ಮ ಫೈಲಿಗೆ ಜೋಡಿಸಿದ ಬೇರೆ ರೆವಿಟ್ ಫೈಲ್), ಆ ಲಿಂಕಿನ ಟೈಪ್ ಪ್ರಾಪರ್ಟೀಸ್‌ನಲ್ಲಿ ರೂಮ್ ಬೌಂಡಿಂಗ್‌ಗೆ (ಅದರ ಗೋಡೆಗಳನ್ನು ರೂಮಿನ ಗಡಿಯಾಗಿ ಪರಿಗಣಿಸುವ ಆಯ್ಕೆ) ಟಿಕ್ ಹಾಕುವವರೆಗೂ ಈ ಉಪಾಯ ನಡೆಯುವುದಿಲ್ಲ.