ಕೆಟ್ಟ ಸುದ್ದಿ ಮೊದಲು ಯಾರಿಗೆ ಸಿಗುತ್ತದೆ?

ಮಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ತಂಡ ನೋಡಿಕೊಳ್ಳುತ್ತೇನೆ. ನಮ್ಮ ಕ್ಲೈಂಟ್ ನ್ಯೂಯಾರ್ಕ್ ಕಡೆಯವರು. ಹೊಸದಾಗಿ ಲೀಡ್ ಆದವರು ಬಂದು 'ಒಳ್ಳೆ ಮ್ಯಾನೇಜರ್ ಆಗುವುದು ಹೇಗೆ' ಅಂತ ಕೇಳಿದರೆ ನಾನು ಒಂದೇ ಅಳತೆ ಹೇಳುತ್ತೇನೆ. ಏನೋ ಕೆಟ್ಟುಹೋಗಿದೆ ಅನ್ನುವ ಸುದ್ದಿ ನಿಮ್ಮ ಕಿವಿಗೆ ಎಷ್ಟು ಬೇಗ ಬೀಳುತ್ತದೆ? ತಂಡದಿಂದಲೇ ಗೊತ್ತಾಗುತ್ತದೋ, ಕ್ಲೈಂಟ್ ಫೋನ್ ಮಾಡಿದ ಮೇಲೆ ಗೊತ್ತಾಗುತ್ತದೋ? ಉಳಿದದ್ದೆಲ್ಲ ಆಮೇಲೆ.

ನಮ್ಮ ಕಡೆ ಇದು ಸ್ವಲ್ಪ ಕಷ್ಟ. ಸುರತ್ಕಲ್, ನಿಟ್ಟೆ, ವಾಮಂಜೂರಿನ ಕಾಲೇಜುಗಳಿಂದ ಬರುವ ಹುಡುಗ ಹುಡುಗಿಯರು ಕೆಲಸದಲ್ಲಿ ಚುರುಕು. ಆದರೆ ದೊಡ್ಡವರ ಎದುರು 'ಆಗುವುದಿಲ್ಲ' ಅನ್ನಲು ತುಂಬ ಸಂಕೋಚ. ಶುಕ್ರವಾರಕ್ಕೆ ಮುಗಿಯುತ್ತಾ ಅಂದರೆ ತಲೆಯಾಡಿಸುತ್ತಾರೆ. ಮುಗಿಯುವುದಿಲ್ಲ ಅಂತ ಅವರಿಗೆ ಸೋಮವಾರವೇ ಗೊತ್ತಿರುತ್ತದೆ. ಇದನ್ನು ಸುಳ್ಳು ಅನ್ನಲಾರೆ. ಮನೆಯಲ್ಲಿ ಕಲಿಸಿದ ಮರ್ಯಾದೆ ಅದು.

ಹಿಂದೆ ನಾನು ಕೆಲಸ ಮಾಡಿದ ಒಂದು ಕಂಪನಿಯ ಮ್ಯಾನೇಜರ್‌ಗೆ ಇದು ಅರ್ಥವೇ ಆಗಲಿಲ್ಲ. ಸಿಸ್ಟಂ ಬಿದ್ದರೆ ಫ್ಲೋರ್ ಮಧ್ಯೆ ಬಂದು ನಿಂತು 'ಯಾರದ್ದು ಇದು?' ಅಂತ ಎಲ್ಲರಿಗೂ ಕೇಳುವಂತೆ ಗದರುತ್ತಿದ್ದರು. ಕೆಲವೇ ದಿನಗಳಲ್ಲಿ ಎಲ್ಲರೂ ಪಾಠ ಕಲಿತರು. ಟಿಕೆಟ್ ಹಾಕದೆ, ಅಂದರೆ ತೊಂದರೆಯನ್ನು ಎಲ್ಲೂ ದಾಖಲಿಸದೆ, ರಾತ್ರಿ ಕೂತು ಸದ್ದಿಲ್ಲದೆ ಸರಿ ಮಾಡುವುದು. ಸರಿಯಾಗದಿದ್ದರೆ ಬೇರೆ ಯಾರಾದರೂ ಕಂಡುಹಿಡಿಯುವವರೆಗೆ ಸುಮ್ಮನಿರುವುದು. ಆ ಮ್ಯಾನೇಜರ್ ಕಳಿಸುವ ವಾರದ ರಿಪೋರ್ಟ್ ಯಾವಾಗಲೂ ಹಸಿರು, ಅಂದರೆ ಎಲ್ಲವೂ ಸರಿ. ಕೊನೆಗೆ ತಪ್ಪು ಲೆಕ್ಕ ಹೋಗುತ್ತಿದೆ ಅಂತ ಕಂಡುಹಿಡಿದದ್ದು ಕ್ಲೈಂಟ್. ಆ ಮ್ಯಾನೇಜರ್ ಕೆಟ್ಟ ಮನುಷ್ಯರೇನಲ್ಲ. ಯಾರಿಗಾದರೂ ಹುಷಾರಿಲ್ಲ ಅಂದರೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಬಿಡುವವರು. ಆದರೂ ಕೆಟ್ಟ ಮ್ಯಾನೇಜರ್.

ನನ್ನ ತಂಡದಲ್ಲಿ ಮೊದಲು ಬದಲಿಸಿದ್ದು ಈ 'ಯಾರದ್ದು' ಅನ್ನುವ ಪ್ರಶ್ನೆಯನ್ನು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಹುಡುಗನೊಬ್ಬ ಟೆಸ್ಟ್ ಡೇಟಾಬೇಸ್ ಅಂದುಕೊಂಡು ಕ್ಲೈಂಟ್ ನಿಜವಾಗಿ ಬಳಸುವ ಸಿಸ್ಟಂ, ಅಂದರೆ ಪ್ರೊಡಕ್ಷನ್‌ನಲ್ಲೇ ಒಂದು ಅಪ್‌ಡೇಟ್ ಓಡಿಸಿಬಿಟ್ಟ. ಗೊತ್ತಾದ ತಕ್ಷಣ ನನ್ನ ಹತ್ತಿರ ಬಂದ. ಮುಖ ಬಿಳಿಚಿಕೊಂಡಿತ್ತು. ಮೊದಲು ಬ್ಯಾಕಪ್‌ನಿಂದ ಡೇಟಾ ವಾಪಸ್ ತಂದೆವು, ಕ್ಲೈಂಟ್‌ಗೆ ನಾನೇ ಫೋನ್ ಮಾಡಿದೆ. ಮರುದಿನ ಎಲ್ಲರೂ ಕೂತು ಏನೇನು ನಡೆಯಿತು ಅಂತ ಗಂಟೆ ನಿಮಿಷದ ಲೆಕ್ಕದಲ್ಲಿ ಬರೆದೆವು. ಹೆಸರು ಬರೆಯಲಿಲ್ಲ. ಎರಡೂ ಸ್ಕ್ರೀನ್ ಒಂದೇ ಥರ ಯಾಕೆ ಕಾಣುತ್ತವೆ? ದಿನನಿತ್ಯದ ಲಾಗಿನ್‌ಗೆ ಪ್ರೊಡಕ್ಷನ್‌ನಲ್ಲಿ ಬರೆಯುವ ಅಧಿಕಾರ ಯಾಕೆ ಬೇಕು? ಒಬ್ಬನೇ ಓಡಿಸಬಹುದು ಅಂತ ಬಿಟ್ಟದ್ದು ಯಾಕೆ? ಈಗ ಪ್ರೊಡಕ್ಷನ್ ಸ್ಕ್ರೀನ್‌ಗೆ ಕೆಂಪು ಪಟ್ಟಿ ಇದೆ. ಸಾಮಾನ್ಯ ಲಾಗಿನ್‌ನಲ್ಲಿ ಓದಲು ಮಾತ್ರ ಸಾಧ್ಯ. ಬದಲಾವಣೆ ಮಾಡಬೇಕಿದ್ದರೆ ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಹುಡುಗನನ್ನು ಬೈದಿದ್ದರೆ ಇದರಲ್ಲಿ ಒಂದೂ ಆಗುತ್ತಿರಲಿಲ್ಲ ಅಲ್ವಾ? ಇಂಥ ತಪ್ಪು ಇನ್ನೊಬ್ಬ ಮಾಡುತ್ತಿದ್ದ, ಅದನ್ನು ಮುಚ್ಚಿಡುತ್ತಿದ್ದ.

ಹಾಗಂತ ಯಾರನ್ನೂ ಏನೂ ಅನ್ನಬಾರದು ಅಂತಲ್ಲ. ಗೊತ್ತಿದ್ದೂ ಹೇಳದೆ ಬಚ್ಚಿಟ್ಟರೆ ನನಗೆ ಸಿಟ್ಟು ಬರುತ್ತದೆ, ಅದನ್ನು ತೋರಿಸುತ್ತೇನೆ ಕೂಡ. ಆದರೆ ರೂಮಿನೊಳಗೆ, ಬಾಗಿಲು ಹಾಕಿ.

ಎರಡನೇದು, 'ಎಷ್ಟು ಮುಗಿಯಿತು' ಅಂತ ಕೇಳುವುದನ್ನು ಬಿಟ್ಟೆ. ಅದಕ್ಕೆ ಉತ್ತರ ಯಾವಾಗಲೂ ತೊಂಬತ್ತು ಪರ್ಸೆಂಟ್. ಮುಂದಿನ ವಾರವೂ ತೊಂಬತ್ತೇ. ಅದರ ಬದಲು 'ಇನ್ನು ಏನೇನು ಉಳಿದಿದೆ, ಅದರಲ್ಲಿ ಯಾವುದು ಕೈಕೊಡಬಹುದು' ಅಂತ ಕೇಳುತ್ತೇನೆ. ಆಗ ಬಾಯಿ ಬಿಡುತ್ತಾರೆ. 'ಸರ್, ಆ ಪೇಮೆಂಟ್ ಗೇಟ್‌ವೇ ಕಡೆಯವರು ಇನ್ನೂ ಉತ್ತರ ಕೊಟ್ಟಿಲ್ಲ' ಅನ್ನುತ್ತಾರೆ. ನನಗೆ ಬೇಕಿದ್ದದ್ದು ಅದೇ. ಗೇಟ್‌ವೇಯವರ ಹಿಂದೆ ಬೀಳುವುದು ನನ್ನ ಕೆಲಸ, ಅವನದ್ದಲ್ಲ.

ಬೆಳಗಿನ ಸ್ಟ್ಯಾಂಡಪ್, ಅಂದರೆ ತಂಡದ ದಿನದ ಸಣ್ಣ ಮೀಟಿಂಗ್, ಅದರ ಬಗ್ಗೆಯೂ ಒಂದು ಮಾತು. ಸ್ಕ್ರಮ್ ಅನ್ನುವ ಕೆಲಸದ ಪದ್ಧತಿಯ ನಿಯಮದಲ್ಲಿ ಅದಕ್ಕೆ 15 ನಿಮಿಷ. ಅದು ತಂಡದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲಿಕ್ಕೆ ಇರುವುದು. ಎಷ್ಟೋ ಕಡೆ ಅದು ಮ್ಯಾನೇಜರ್‌ಗೆ ಹಾಜರಿ ಹಾಕುವ ಮೀಟಿಂಗ್ ಆಗಿದೆ. ಎಲ್ಲರೂ ಅವರ ಮುಖ ನೋಡಿಕೊಂಡೇ ಮಾತಾಡುತ್ತಾರೆ. ನಾನು ಹೋದರೆ ಹಿಂದೆ ನಿಲ್ಲುತ್ತೇನೆ, ಹೆಚ್ಚಾಗಿ ಹೋಗುವುದೇ ಇಲ್ಲ. ನಿಜವಾದ ಮಾತು ಕೆಳಗೆ ಕ್ಯಾಂಟೀನಿನಲ್ಲಿ, ಗೋಳಿಬಜೆ ಚಹಾದ ಎದುರು, ಒಬ್ಬೊಬ್ಬರೇ ಸಿಕ್ಕಾಗ ಆಗುತ್ತದೆ. ತುಳುವಿನಲ್ಲೋ ಕೊಂಕಣಿಯಲ್ಲೋ ಮಾತು ಶುರುವಾದರೆ ಅರ್ಧ ಅಂಜಿಕೆ ಇಳಿದುಬಿಡುತ್ತದೆ. ಮೀಟಿಂಗಿನಲ್ಲಿ ಮಾತ್ರ ತುಳು ಬೇಡ ಅಂತ ಹೇಳಿದ್ದೇನೆ. ಹುಬ್ಬಳ್ಳಿಯಿಂದ ಬಂದವರು, ಉತ್ತರ ಭಾರತದವರು ಇದ್ದಾರೆ. ಎಲ್ಲರೂ ನಕ್ಕಾಗ ಅವರು ಸುಮ್ನೆ ಕೂತಿರುವುದು ನೋಡಲಿಕ್ಕೆ ಚೆನ್ನಾಗಿರುವುದಿಲ್ಲ.

ಕೆಳಗಿನಿಂದ ಬಂದ ಸುದ್ದಿಯನ್ನು ಮೇಲೆ ಒಯ್ಯುವುದು ಇನ್ನೂ ಕಷ್ಟದ ಭಾಗ. ಇಲ್ಲೇ ಬಹಳ ಮಂದಿ ಜಾರುತ್ತಾರೆ. ತಂಡದವರ ಹತ್ತಿರ 'ನಾನು ಮಾತಾಡುತ್ತೇನೆ' ಅಂದು, ಮೇಲಿನವರ ಎದುರು 'ಆಗುತ್ತೆ ಸರ್' ಅಂದು ಬರುತ್ತಾರೆ. ನಾನು ತಡವಾಗುತ್ತದೆ ಅಂತ ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ, 'ಇನ್ನು ಮೂರು ಜನ ಕೊಡುತ್ತೇವೆ.' ಐಬಿಎಂನ ಸಿಸ್ಟಂ 360 ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಂ ಮಾಡಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದಕ್ಕೆ ಉತ್ತರ ಬರೆದಿದ್ದಾರೆ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ. ಅವರ ಲೆಕ್ಕವನ್ನೇ ನಾನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಐದು ಜನ ಇದ್ದರೆ ಒಬ್ಬರಿಂದೊಬ್ಬರಿಗೆ 10 ಮಾತಿನ ದಾರಿಗಳು. ಎಂಟು ಜನ ಆದರೆ 28. ಜತೆಗೆ ಹೊಸ ಮೂವರಿಗೆ ಕಲಿಸಲು ಹಳಬರ ಸಮಯ ಹೋಗುತ್ತದೆ. ಹಾಗಾಗಿ ಜನ ಬೇಡ, ಈ ರಿಲೀಸ್‌ನಿಂದ ಎರಡು ಫೀಚರ್ ತೆಗೆಯಿರಿ ಅನ್ನುತ್ತೇನೆ. ಕೆಲವೊಮ್ಮೆ ಒಪ್ಪುತ್ತಾರೆ. ಒಪ್ಪದಿದ್ದರೂ ನಾನು ಹೇಳಿದ್ದು ಮೇಲ್‌ನಲ್ಲಿ ಇರುತ್ತದೆ, ತಾರೀಖಿನ ಸಮೇತ.

ಮಂಗಳೂರಿನಲ್ಲಿ ಕೂತು ಅಮೆರಿಕದ ಕೆಲಸ ಮಾಡಿಸುವವರಿಗೆ ಇನ್ನೂ ಕೆಲವು ಸಣ್ಣ ವಿಷಯ ಗೊತ್ತಿರಬೇಕು. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಗ್ಗೆ 9 ಗಂಟೆ ಅಂದರೆ ನಮಗೆ ಸಂಜೆ ಆರೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಡುತ್ತಾರೆ. ಅದೇ ಕಾಲ್ ನಮಗೆ ಏಳೂವರೆಗೆ ಬರುತ್ತದೆ. ಅವರಿಗೆ ಏನೂ ಬದಲಾಗಿಲ್ಲ. ನಮ್ಮಲ್ಲಿ ದಿನಾ ಉಡುಪಿಗೆ, ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗುವವರ ಮನೆ ಊಟ ಒಂದು ಗಂಟೆ ಮುಂದೆ ಹೋಗುತ್ತದೆ. ಅಕ್ಟೋಬರ್‌ನಲ್ಲೇ ಕ್ಲೈಂಟ್ ಹತ್ತಿರ ಮಾತಾಡಿ ಕಾಲ್ ಅನ್ನು ಅವರ ಎಂಟು ಗಂಟೆಗೆ ತರಿಸುತ್ತೇನೆ. ಕೇಳಿದರೆ ಕೊಡುತ್ತಾರೆ, ಎಷ್ಟೋ ಜನ ಕೇಳುವುದೇ ಇಲ್ಲ.

ರಜೆಯೂ ಹಾಗೆ. ಕಂಪನಿಯ ಪಟ್ಟಿಯಲ್ಲಿ ಮನೆಯ ದೈವದ ಕೋಲ ಇರುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಇಲ್ಲಿನ ಕ್ರೈಸ್ತರ ತೆನೆ ಹಬ್ಬ, ಇರುವುದಿಲ್ಲ. ಉಡುಪಿಯವರಿಗೆ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದ ದಿನ ಕೆಲಸ ಹೇಳಿದರೆ ಮೈ ಇಲ್ಲಿ, ಮನಸ್ಸು ರಥಬೀದಿಯಲ್ಲಿ. ವರ್ಷದ ಶುರುವಿನಲ್ಲೇ ಎಲ್ಲರೂ ತಮ್ಮ ಮನೆಯ ದಿನಗಳನ್ನು ಒಂದು ಶೀಟ್‌ನಲ್ಲಿ ಹಾಕುತ್ತಾರೆ. ಆನ್‌ಕಾಲ್ ಪಾಳಿ, ಅಂದರೆ ಸಿಸ್ಟಂ ಬಿದ್ದರೆ ನೋಡಲು ಯಾವ ದಿನ ಯಾರು ಸಿದ್ಧರಿರಬೇಕು ಅನ್ನುವುದು, ಆ ಶೀಟ್ ನೋಡಿಯೇ ಆಗುತ್ತದೆ. ಕ್ರಿಸ್‌ಮಸ್‌ಗೆ ಹಿಂದೂಗಳು, ಚೌತಿಗೆ ಕ್ರೈಸ್ತರು ಮತ್ತು ಮುಸ್ಲಿಮರು ಪಾಳಿ ತಗೊಳ್ಳುತ್ತಾರೆ. ನಾನು ಹೇಳಿದ್ದಲ್ಲ, ಅವರೇ ಮಾಡಿಕೊಂಡದ್ದು. ಇನ್ನು ಜೂನ್ ಜುಲೈ ಮಳೆಯಲ್ಲಿ ಬೆಳ್ತಂಗಡಿ ಕಡೆಯಿಂದ ಕೆಲಸ ಮಾಡುವವರಿಗೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಅನ್ನುವ ದಿನ ಬರುತ್ತದೆ. ಆಗ 'ಕ್ಯಾಮೆರಾ ಆನ್ ಮಾಡಿ' ಅನ್ನುವ ಮ್ಯಾನೇಜರ್‌ಗೆ ಏನು ಹೇಳುವುದು ಮಾರಾಯ್ರೆ!

ಮ್ಯಾನೇಜರ್‌ಗೆ ಕೋಡ್ ಬರಬೇಕಾ ಅನ್ನುವ ವಾದ ಮುಗಿಯುವುದಿಲ್ಲ. ಗೂಗಲ್ 2009ರ ಸುಮಾರಿಗೆ ತನ್ನ ಮ್ಯಾನೇಜರ್‌ಗಳನ್ನೇ ಅಧ್ಯಯನ ಮಾಡಿ ಎಂಟು ಗುಣಗಳ ಪಟ್ಟಿ ಮಾಡಿತ್ತು. ತಾಂತ್ರಿಕ ಜಾಣ್ಮೆ ಅದರಲ್ಲಿ ಕೊನೆಗೆ ಬಂತು. ಇದನ್ನು ಹಿಡಿದುಕೊಂಡು ಕೋಡ್ ಏನೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೊನೆಯದಾದರೂ ಪಟ್ಟಿಯಲ್ಲಿ ಇತ್ತಲ್ಲ! ಕೆಟ್ಟ ಸುದ್ದಿ ತಂದವನ ಮಾತು ಅರ್ಥವಾಗದಿದ್ದರೆ ಅವನು ಮುಂದಿನ ಸಲ ಯಾಕೆ ತರುತ್ತಾನೆ? ಆದರೆ ಅರ್ಥವಾಯಿತು ಅಂತ ಅವನ ಕೀಬೋರ್ಡ್ ಕಿತ್ತುಕೊಳ್ಳಬಾರದು. ನನಗೂ ಕೈ ತುರಿಸುತ್ತದೆ. ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಅಪ್ರೈಸಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಿಂಗಳು ತಿಂಗಳು ಎರಡು ಸಾಲು ಬರೆದಿಟ್ಟು ಆಗಲೇ ಅವರಿಗೂ ಓದಲು ಕೊಡುತ್ತೇನೆ, ವರ್ಷದ ಕೊನೆಗೆ ಹೊಸದು ಏನೂ ಇರುವುದಿಲ್ಲ. ಸಂಬಳ ಸಾಲದೆ ಬೆಂಗಳೂರಿಗೆ ಹೋಗುವವರು ಹೋಗುತ್ತಾರೆ. ಅವರನ್ನು ತಡೆಯಲು ನನ್ನ ಕೈಯಲ್ಲಿ ದುಡ್ಡಿಲ್ಲ.

ನೀವು ಕೆಲಸ ಹುಡುಕುತ್ತಿದ್ದರೆ, ಇಂಟರ್‌ವ್ಯೂ ಕೊನೆಯಲ್ಲಿ 'ನಿಮಗೇನಾದರೂ ಕೇಳಲಿಕ್ಕಿದೆಯಾ' ಅಂತ ಕೇಳುತ್ತಾರಲ್ಲ, ಆಗ ಒಂದು ಪ್ರಶ್ನೆ ಕೇಳಿ. ಕಳೆದ ಸಲ ನಿಮ್ಮ ಪ್ರೊಡಕ್ಷನ್ ಬಿದ್ದಾಗ ಏನಾಯಿತು? ಏನು ಮುರಿಯಿತು, ಆಮೇಲೆ ಏನು ಬದಲಿಸಿದೆವು ಅಂತ ವಿವರವಾಗಿ ಹೇಳಿದರೆ ಸೇರಬಹುದು. ಯಾರಿಂದ ಆಯಿತು ಅಂತ ಶುರು ಮಾಡಿದರೆ, ಅಥವಾ ನಮ್ಮಲ್ಲಿ ಹಾಗೆಲ್ಲ ಆಗುವುದೇ ಇಲ್ಲ ಅಂದರೆ, ಇನ್ನೊಂದು ಕಡೆ ನೋಡಿ.